ಮನೆಯಿಂದ ಅರಳಿಕಟ್ಟೆಗೆ ಎಷ್ಟು ಹೆಜ್ಜೆ? ಬೆಳೆಯುವ ಬೆಂಗಳೂರು, ಹಿರಿಯರ ಆರೋಗ್ಯ

ಹಾಸನ, ಮಂಡ್ಯ, ತುಮಕೂರು ಕಡೆಯ ಎಷ್ಟೋ ಮನೆಗಳಲ್ಲಿ ಈ ಮಾತು ನಡೆದೇ ಇರುತ್ತದೆ. "ಅಮ್ಮ, ಇನ್ನು ಊರಲ್ಲಿ ಒಬ್ಬಳೇ ಇರೋದು ಬೇಡ. ಬೆಂಗಳೂರಿಗೆ ಬಂದುಬಿಡು." ಅಮ್ಮ ಬರುತ್ತಾರೆ. ಏಳನೇ ಮಹಡಿಯ ಮನೆ, ಲಿಫ್ಟ್ ಇದೆ, ಹತ್ತಿರದಲ್ಲೇ ಆಸ್ಪತ್ರೆ ಇದೆ. ಊಟಕ್ಕೆ ಕೊರತೆಯಿಲ್ಲ. ಆದರೂ ವರ್ಷ ತುಂಬುವುದರೊಳಗೆ ಮಂಡಿನೋವು ಜಾಸ್ತಿಯಾಗಿರುತ್ತದೆ, ಶುಗರ್ ಏರಿರುತ್ತದೆ, ರಾತ್ರಿ ನಿದ್ದೆ ಬರುವುದಿಲ್ಲ. "ವಯಸ್ಸಾಯ್ತಲ್ಲ, ಇನ್ನೇನು" ಅಂದುಬಿಡುತ್ತೇವೆ.

ಒಂದು ವರ್ಷದಲ್ಲಿ ವಯಸ್ಸು ಏರುವುದು ಒಂದೇ ವರ್ಷ. ಅಮ್ಮನ ಸುತ್ತಲಿನ ಜಾಗ ಮಾತ್ರ ಪೂರ್ತಿ ಬದಲಾಗಿದೆ.

ಊರಿಂದ ಬಂದವರಿಗಷ್ಟೇ ಹೀಗಲ್ಲ. ಮಲ್ಲೇಶ್ವರದಲ್ಲೋ ಬಸವನಗುಡಿಯಲ್ಲೋ ನಲವತ್ತು ವರ್ಷದಿಂದ ಅದೇ ಮನೆಯಲ್ಲಿರುವ ತಾತನಿಗೂ ಹೀಗೇ ಆಗುತ್ತದೆ. ಅವರು ಎಲ್ಲಿಗೂ ಹೋಗಲಿಲ್ಲ, ಊರೇ ಅವರ ಸುತ್ತ ಬೇರೆಯಾಯಿತು. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದು, ನಗರದ ಆಡಳಿತ ಐದು ಪಾಲಿಕೆಗಳಾಗಿ ಹಂಚಿಹೋಗಿದೆ. ಯಾವ ಫುಟ್‌ಪಾತ್ ರಿಪೇರಿಯಾಗಬೇಕು, ಎಲ್ಲಿ ಮರ ಉಳಿಯಬೇಕು ಅನ್ನುವುದನ್ನು ಈಗ ಈ ಹೊಸ ಪಾಲಿಕೆಗಳು ತೀರ್ಮಾನಿಸುತ್ತವೆ. ಆ ತೀರ್ಮಾನಗಳಿಗೂ ನಿಮ್ಮ ಮನೆಯ ಹಿರಿಯರ ಬಿಪಿಗೂ ಏನು ಸಂಬಂಧ? ಮೊದಲಿನಿಂದ ನೋಡೋಣ.

ನಗರ ಬೆಳೆಯುವುದು ಅಂದರೆ ಏನು?

ಜನ ಜಾಸ್ತಿಯಾಗುವುದು ಅದರ ಒಂದು ಭಾಗ ಮಾತ್ರ. 1951ರಲ್ಲಿ ಬೆಂಗಳೂರಿನ ಜನಸಂಖ್ಯೆ ಸುಮಾರು 8 ಲಕ್ಷ. 2011ರ ಜನಗಣತಿ ಹೊತ್ತಿಗೆ ಅದು 84 ಲಕ್ಷ ದಾಟಿತ್ತು. ಇನ್ನೊಂದು ಭಾಗ ನೆಲದ್ದು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿಕೊಂಡು ಬಿಬಿಎಂಪಿ, ಅಂದರೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಆಯಿತು. ಕೆರೆ, ತೋಟ, ಗದ್ದೆ ಇದ್ದ ಜಾಗಕ್ಕೆ ಕಾಂಕ್ರೀಟ್, ಡಾಂಬರು, ಗಾಜು ಬಂತು. 1973ರಿಂದ ಈಚೆಗೆ ನಗರದಲ್ಲಿ ಕಟ್ಟಡ ಮತ್ತು ರಸ್ತೆ ಆವರಿಸಿರುವ ಜಾಗ ಹತ್ತು ಪಟ್ಟಿಗೂ ಹೆಚ್ಚಾಗಿದೆ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಉಪಗ್ರಹ ಅಧ್ಯಯನಗಳು ಹೇಳುತ್ತವೆ.

ಬೆಳವಣಿಗೆ ಅಂದರೆ ಕೆಡುಕೇ ಅಂತ ಅಂದುಕೊಳ್ಳಬೇಕಿಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ, ಪೇಟೆಯ ಇಕ್ಕಟ್ಟು ಬಿಟ್ಟು ಜನ ಹೋಗಿ ನೆಲೆಸಿದ್ದು ಮಲ್ಲೇಶ್ವರ ಮತ್ತು ಬಸವನಗುಡಿಯಂಥ ಹೊಸ ಬಡಾವಣೆಗಳಲ್ಲಿ. ಅಗಲ ರಸ್ತೆ, ಗಾಳಿ ಬೆಳಕು, ಮರ, ಪಾರ್ಕು. ಅದೂ ನಗರದ ಬೆಳವಣಿಗೆಯೇ, ಆದರೆ ಆರೋಗ್ಯವನ್ನು ಮುಂದಿಟ್ಟುಕೊಂಡ ಬೆಳವಣಿಗೆ.

ಇನ್ನು ಹಿರಿಯರು ಅಂದರೆ ಯಾರು? ನಮ್ಮ ಕಾನೂನಿನ ಲೆಕ್ಕದಲ್ಲಿ 60 ತುಂಬಿದವರು. ನಿಜ ಹೇಳಬೇಕೆಂದರೆ 62ರವರಿಗೂ 85ರವರಿಗೂ ಅಜಗಜಾಂತರ ಇದೆ. ಆದರೂ ಎಲ್ಲರಿಗೂ ಅನ್ವಯಿಸುವ ಒಂದು ವಿಷಯವಿದೆ, ಅದು ತಿಳಿದರೆ ಮುಂದಿನದೆಲ್ಲ ಸುಲಭ.

ಸ್ಕೂಟರಿನ ರಿಸರ್ವ್

ಹಳೆಯ ಸ್ಕೂಟರುಗಳಲ್ಲಿ ಪೆಟ್ರೋಲ್ ಖಾಲಿಯಾಗುತ್ತಾ ಬಂದರೆ ರಿಸರ್ವ್‌ಗೆ ತಿರುಗಿಸುತ್ತಿದ್ದೆವು, ನೆನಪಿದೆಯಾ? ದೇಹಕ್ಕೂ ಹಾಗೇ ಒಂದು ರಿಸರ್ವ್ ಇರುತ್ತದೆ. ದಿನದ ಕೆಲಸಕ್ಕೆ ಬೇಕಾದ್ದಕ್ಕಿಂತ ಹೆಚ್ಚಿನ ಶಕ್ತಿ ಹೃದಯ, ಶ್ವಾಸಕೋಶ, ಮೂತ್ರಪಿಂಡ, ಸ್ನಾಯುಗಳಲ್ಲಿ ಇರುತ್ತದೆ. ಜ್ವರ ಬಂದಾಗ, ಬಿಸಿಲಲ್ಲಿ ನಡೆದಾಗ, ಓಡಿ ಬಸ್ ಹಿಡಿದಾಗ ದೇಹ ಅದನ್ನು ಬಳಸುತ್ತದೆ.

ವಯಸ್ಸಾದಂತೆ ಈ ರಿಸರ್ವ್ ಕಡಿಮೆಯಾಗುತ್ತದೆ. ಮನೆಯಲ್ಲಿ ಆರಾಮಾಗಿ ಇರುವಾಗ ಅದು ಯಾರಿಗೂ ಕಾಣುವುದಿಲ್ಲ. ಬಿಸಿಗಾಳಿಯೋ ಹೊಗೆಯೋ ನಿದ್ದೆಗೆಟ್ಟ ರಾತ್ರಿಯೋ ಬಂದಾಗ ಕಾಣುತ್ತದೆ. ಮೂವತ್ತರ ಮಗನಿಗೆ ಸ್ವಲ್ಪ ಸುಸ್ತು ತರುವ ಅದೇ ದಿನ, ಎಪ್ಪತ್ತೈದರ ಅಪ್ಪನನ್ನು ಆಸ್ಪತ್ರೆಗೆ ಸೇರಿಸಬಹುದು. ಒಂದೇ ಮನೆ, ಒಂದೇ ಗಾಳಿ. ಆದರೂ ಮಗನಿಗೆ ಅಪ್ಪನ ಕಷ್ಟ ಅರ್ಥವಾಗುವುದಿಲ್ಲ, ಯಾಕೆಂದರೆ ಅವನಿಗೆ ಏನೂ ಅನ್ನಿಸಿರುವುದಿಲ್ಲ.

ರಾತ್ರಿಯೂ ಆರದ ಕಾವಲಿ

ಒಲೆ ಆರಿಸಿದ ಮೇಲೂ ದೋಸೆ ಕಾವಲಿ ತುಂಬ ಹೊತ್ತು ಬಿಸಿಯಾಗಿಯೇ ಇರುತ್ತದೆ. ಕಾಂಕ್ರೀಟ್ ಮತ್ತು ಡಾಂಬರು ಕೂಡ ಹಾಗೇ. ಹಗಲಿಡೀ ಬಿಸಿಲನ್ನು ಕುಡಿದು, ರಾತ್ರಿ ನಿಧಾನವಾಗಿ ಹೊರಗೆ ಬಿಡುತ್ತವೆ. ಮರ ಮತ್ತು ಕೆರೆ ಇದಕ್ಕೆ ತದ್ವಿರುದ್ಧ. ಮಣ್ಣಿನ ಹೂಜಿಯ ನೀರು ತಣ್ಣಗಿರುವುದು ಅದರ ಮೈಯಿಂದ ನೀರು ಆವಿಯಾಗುವುದರಿಂದ ಅಲ್ವಾ? ಮರದ ಎಲೆಗಳು, ಕೆರೆಯ ನೀರು ಸುತ್ತಲಿನ ಗಾಳಿಗೆ ಅದನ್ನೇ ಮಾಡುತ್ತವೆ. ಹೂಜಿ ತೆಗೆದು ಕಾವಲಿ ಇಟ್ಟರೆ ಏನಾಗುತ್ತದೋ, ನಗರಕ್ಕೆ ಅದೇ ಆಗಿದೆ. ಸುತ್ತಲಿನ ಹಳ್ಳಿಗಿಂತ ಊರಿನ ಒಳಭಾಗ ಬಿಸಿಯಾಗಿರುವ ಈ ಸ್ಥಿತಿಯನ್ನು ವಿಜ್ಞಾನಿಗಳು 'ಶಾಖದ ದ್ವೀಪ' ಅನ್ನುತ್ತಾರೆ.

"ಬೆಂಗಳೂರಿಗೆ ಯಾವ ಬಿಸಿಲು?" ಅಂತ ರಾಯಚೂರು, ಕಲಬುರಗಿಯವರು ಕೇಳಬಹುದು. ನ್ಯಾಯವಾದ ಪ್ರಶ್ನೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಬಿಸಿಲು 39.2 ಡಿಗ್ರಿ ಮುಟ್ಟಿತ್ತು, ಅದು ಇಲ್ಲಿನ ದಾಖಲೆ. ಕಲಬುರಗಿಗೆ ಅದು ಮಾಮೂಲಿ. ಆದರೆ ದೇಹ ಲೆಕ್ಕ ಹಾಕುವುದು ತಾನು ಒಗ್ಗಿಕೊಂಡಿರುವ ಹವೆಗೆ ಹೋಲಿಸಿ. ಇಲ್ಲಿನ ಮನೆಗಳನ್ನೂ ತಂಪು ಊರು ಅಂದುಕೊಂಡೇ ಕಟ್ಟಿರುವುದು. ಅದರಲ್ಲೂ ತಾರಸಿಯ ಕೆಳಗಿನ ಕೊನೆಯ ಮಹಡಿ, ತಗಡಿನ ಶೀಟಿನ ಮನೆ, ಪಕ್ಕದ ಕಟ್ಟಡ ಕಿಟಕಿಗೆ ಅಂಟಿಕೊಂಡಂತೆ ಎದ್ದಿರುವ ಮನೆಗಳಲ್ಲಿ ಗಾಳಿಯೇ ಆಡುವುದಿಲ್ಲ.

ಹಿರಿಯರಿಗೆ ಇದು ಯಾಕೆ ಕಷ್ಟ? ದೇಹ ತಂಪಾಗುವುದು ಬೆವರಿನಿಂದ ಮತ್ತು ಚರ್ಮದ ಕಡೆಗೆ ಹೆಚ್ಚು ರಕ್ತ ಹರಿಸುವುದರಿಂದ. ವಯಸ್ಸಾದಂತೆ ಬೆವರು ಕಡಿಮೆಯಾಗುತ್ತದೆ. ರಕ್ತ ಹರಿಸಲು ಹೃದಯ ಜಾಸ್ತಿ ದುಡಿಯಬೇಕು. ಇವೆಲ್ಲಕ್ಕಿಂತ ಮೋಸದ್ದು ಬಾಯಾರಿಕೆ. ದೇಹಕ್ಕೆ ನೀರು ಬೇಕಾಗಿದ್ದರೂ ಹಿರಿಯರಿಗೆ ಬಾಯಾರಿಕೆ ಅಷ್ಟಾಗಿ ಗೊತ್ತಾಗುವುದಿಲ್ಲ. ಜೊತೆಗೆ ಬಿಪಿಗೆ ಅಥವಾ ಕಾಲು ಊತಕ್ಕೆ ಕೊಡುವ ಕೆಲವು ಮಾತ್ರೆಗಳು ದೇಹದ ನೀರನ್ನು ಮೂತ್ರದಲ್ಲಿ ಹೊರಗೆ ಹಾಕುತ್ತವೆ. ಹಾಗಂತ ಮಾತ್ರೆಯನ್ನು ನಾವೇ ನಿಲ್ಲಿಸುವಂತಿಲ್ಲ. ಬೇಸಿಗೆ ಶುರುವಾಗುವ ಮೊದಲು ವೈದ್ಯರನ್ನು ಒಮ್ಮೆ ಕೇಳಬೇಕು.

ರಾತ್ರಿಯ ಬಿಸಿಯೂ ಹಗಲಿನದರಷ್ಟೇ ಕೆಡುಕು ಮಾಡಬಹುದು ಅಂದರೆ ಆಶ್ಚರ್ಯವಾಗಬಹುದು. ಹಗಲು ದಣಿದ ಹೃದಯ ಸುಧಾರಿಸಿಕೊಳ್ಳುವುದು ರಾತ್ರಿ ತಂಪಾದಾಗ. ಕಾವಲಿ ಆರದೇ ಇದ್ದರೆ ಆ ವಿಶ್ರಾಂತಿ ಸಿಗುವುದಿಲ್ಲ. 1995ರ ಜುಲೈನಲ್ಲಿ ಅಮೆರಿಕದ ಷಿಕಾಗೊ ನಗರದಲ್ಲಿ ಕೆಲವೇ ದಿನಗಳ ಬಿಸಿಗಾಳಿಗೆ 700ಕ್ಕೂ ಹೆಚ್ಚು ಜನ ತೀರಿಕೊಂಡರು. ಅವರಲ್ಲಿ ಹೆಚ್ಚಿನವರು ವಯಸ್ಸಾದವರು, ಅನೇಕರು ಒಂಟಿಯಾಗಿದ್ದವರು. ಬಾಗಿಲು ತಟ್ಟಿ ಕೇಳುವವರು ಇದ್ದಿದ್ದರೆ ಎಷ್ಟೋ ಜೀವ ಉಳಿಯುತ್ತಿತ್ತು. ಬಿಸಿಗಾಳಿಯ ಕಥೆ ಕೊನೆಗೆ ನೆರೆಹೊರೆಯ ಕಥೆಯೂ ಆಗುವುದು ಹೀಗೆ.

ಜರಡಿಗೆ ಸಿಗದ ದೂಳು

ಗಾಳಿಯ ಸುದ್ದಿ ಬಂದಾಗಲೆಲ್ಲ 'ಪಿಎಂ 2.5' ಅನ್ನುವ ಪದ ಕೇಳುತ್ತೇವೆ. ಅದು 2.5 ಮೈಕ್ರಾನ್‌ಗಿಂತ ಸಣ್ಣ ಕಣ. ನಮ್ಮ ತಲೆಕೂದಲಿನ ದಪ್ಪದ ಇಪ್ಪತ್ತರಲ್ಲೊಂದು ಪಾಲು ಅಂದುಕೊಳ್ಳಿ. ಮೂಗಿನ ಕೂದಲು, ಗಂಟಲಿನ ಲೋಳೆ ನಮ್ಮ ಜರಡಿ. ರಸ್ತೆಯ ದಪ್ಪ ದೂಳು ಅಲ್ಲಿ ನಿಲ್ಲುತ್ತದೆ. ಈ ಸಣ್ಣ ಕಣ ನಿಲ್ಲುವುದಿಲ್ಲ. ಶ್ವಾಸಕೋಶದ ತಳಕ್ಕೆ ಇಳಿಯುತ್ತದೆ, ಅದರಲ್ಲಿ ತೀರಾ ಸಣ್ಣವು ರಕ್ತಕ್ಕೂ ಸೇರುತ್ತವೆ. ಆದ್ದರಿಂದಲೇ ಕೊಳಕು ಗಾಳಿ ಕೆಮ್ಮು ದಮ್ಮಿಗಷ್ಟೇ ಅಲ್ಲ, ಹೃದಯಾಘಾತ ಮತ್ತು ಪಾರ್ಶ್ವವಾಯುವಿಗೂ ದಾರಿ ಮಾಡುತ್ತದೆ.

ವರ್ಷದ ಸರಾಸರಿ ಒಂದು ಘನ ಮೀಟರ್ ಗಾಳಿಯಲ್ಲಿ ಈ ಕಣ 40 ಮೈಕ್ರೋಗ್ರಾಂ ಮೀರಬಾರದು ಎಂಬುದು ಭಾರತದ ಮಿತಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹಾಕಿದ ಮಿತಿ 5. ಬೆಂಗಳೂರು ಸಾಮಾನ್ಯವಾಗಿ ನಮ್ಮ ದೇಶದ ಮಿತಿಯೊಳಗೇ ಇರುತ್ತದೆ, ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯನ್ನು ಹಲವು ಪಟ್ಟು ದಾಟಿರುತ್ತದೆ. ದೆಹಲಿಗಿಂತ ವಾಸಿ ಅನ್ನುವುದು ನಿಜ. ಎಪ್ಪತ್ತರ ಶ್ವಾಸಕೋಶಕ್ಕೆ ಆ ಹೋಲಿಕೆಯಿಂದ ಏನೂ ಸಮಾಧಾನವಿಲ್ಲ.

ವಾಕಿಂಗ್ ಹೋಗುವವರು ಒಂದು ವಿಷಯ ತಿಳಿದಿರಬೇಕು. ಬೆಳಗಿನ ಗಾಳಿ ಶುದ್ಧ ಅಂತ ನಮ್ಮ ನಂಬಿಕೆ. ಡಿಸೆಂಬರ್, ಜನವರಿಯಲ್ಲಿ ಅದು ಯಾವಾಗಲೂ ನಿಜವಲ್ಲ. ಚಳಿಗಾಲದ ಮುಂಜಾನೆ ನೆಲದ ಹತ್ತಿರದ ಗಾಳಿ ತಣ್ಣಗಿರುತ್ತದೆ, ಮೇಲಿನ ಗಾಳಿ ಬೆಚ್ಚಗಿರುತ್ತದೆ. ಆ ಬೆಚ್ಚನೆಯ ಪದರ ಪಾತ್ರೆಯ ಮುಚ್ಚಳದಂತೆ ಕೂತು, ಹಿಂದಿನ ರಾತ್ರಿಯ ಹೊಗೆಯನ್ನೆಲ್ಲ ಕೆಳಗೇ ಹಿಡಿದಿಡುತ್ತದೆ. ಬಿಸಿಲು ಬಂದ ಮೇಲೆ ಮುಚ್ಚಳ ತೆರೆಯುತ್ತದೆ. ದಮ್ಮು ಇರುವವರು ಆ ತಿಂಗಳುಗಳಲ್ಲಿ ಸ್ವಲ್ಪ ತಡವಾಗಿ, ದೊಡ್ಡ ರಸ್ತೆ ಬಿಟ್ಟು ಒಳ ರಸ್ತೆಯಲ್ಲೋ ಪಾರ್ಕಿನಲ್ಲೋ ನಡೆಯುವುದು ಒಳ್ಳೆಯದು.

ಸದ್ದು ಮತ್ತು ಮೌನ

ವಾಸದ ಜಾಗಗಳಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್ ಮೀರಬಾರದು ಎಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಡೆಸಿಬಲ್ ಲೆಕ್ಕ ಸ್ವಲ್ಪ ವಿಚಿತ್ರ. 55ರಿಂದ 65ಕ್ಕೆ ಹೋದರೆ ಹತ್ತು ಹೆಚ್ಚಾದದ್ದಲ್ಲ, ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ. ಮುಖ್ಯರಸ್ತೆಗೆ ಮುಖ ಮಾಡಿದ ಮನೆಯಲ್ಲಿ ರಾತ್ರಿ ಹಾರ್ನ್ ಕೇಳಿ ಎಚ್ಚರವಾಗದಿದ್ದರೂ ಒಳಗೆ ದೇಹ ಬೆಚ್ಚುತ್ತದೆ, ಬಿಪಿ ಏರುತ್ತದೆ. ವರ್ಷಗಟ್ಟಲೆ ಹೀಗಾದರೆ ಹೃದಯಕ್ಕೆ ಹೊರೆ.

ಇನ್ನೊಂದು ತೊಂದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ವಯಸ್ಸಾದ ಕಿವಿಗೆ ಮಾತು ಕೇಳಿಸುತ್ತದೆ, ಆದರೆ ಸುತ್ತ ಗದ್ದಲ ಇದ್ದರೆ ಪದಗಳು ಬಿಡಿಸಿ ಕೇಳಿಸುವುದಿಲ್ಲ. "ಏನಂದೆ?" ಅಂತ ಎರಡು ಸಲ ಕೇಳುತ್ತಾರೆ. ಮೂರನೇ ಸಲ ಕೇಳುವುದಕ್ಕೆ ಸಂಕೋಚವಾಗಿ ಸುಮ್ನೆ ತಲೆಯಾಡಿಸುತ್ತಾರೆ. ಆಮೇಲೆ ಮಾತಿನ ನಡುವೆ ಕೂರುವುದನ್ನೇ ಬಿಡುತ್ತಾರೆ. ಮರೆವಿನ ಕಾಯಿಲೆಯ ಅಪಾಯ ಹೆಚ್ಚಿಸುವ, ಆದರೆ ನಾವು ತಗ್ಗಿಸಬಹುದಾದ 14 ಅಂಶಗಳನ್ನು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಪಟ್ಟಿ ಮಾಡಿತು. ಕಿವಿ ಮಂದವಾಗುವುದು, ಕೊಳಕು ಗಾಳಿ, ಜನರ ಒಡನಾಟ ಇಲ್ಲದಿರುವುದು, ದೇಹಕ್ಕೆ ಚಟುವಟಿಕೆ ಇಲ್ಲದಿರುವುದು, ಈ ನಾಲ್ಕೂ ಅದರಲ್ಲಿವೆ. ನಾಲ್ಕಕ್ಕೂ ನಗರದ ಸ್ವರೂಪಕ್ಕೂ ನಂಟಿದೆ.

ರಸ್ತೆ ದಾಟಲು ಮೂವತ್ತು ಸೆಕೆಂಡು

ಈಗ ಈ ಲೇಖನದ ಮುಖ್ಯ ವಿಷಯಕ್ಕೆ ಬರುತ್ತೇನೆ. ನನ್ನ ಪ್ರಕಾರ ನಗರ ಹಿರಿಯರಿಗೆ ಮಾಡುವ ದೊಡ್ಡ ಹಾನಿ ಹೊಗೆಯಿಂದಲೂ ಅಲ್ಲ, ಬಿಸಿಲಿನಿಂದಲೂ ಅಲ್ಲ. ಅವರು ಮನೆಯಿಂದ ಹೊರಗೆ ಕಾಲಿಡುವುದನ್ನು ನಿಲ್ಲಿಸುವುದರಿಂದ.

ಹಿರಿಯರ ನಗರ ಅಂದರೆ ನಕ್ಷೆಯಲ್ಲಿ ಕಾಣುವ ಬೆಂಗಳೂರಲ್ಲ. ಅವರ ಕಾಲು ಸೋಲದೆ ಹೋಗಿ ಬರುವಷ್ಟು ದೂರ. ಹಾಲಿನ ಬೂತ್, ದೇವಸ್ಥಾನ, ಮೆಡಿಕಲ್ ಶಾಪ್, ಪಾರ್ಕು, ಒಬ್ಬಿಬ್ಬರು ಗೆಳೆಯರ ಮನೆ. ಆ ಸಣ್ಣ ವೃತ್ತ ಚೆನ್ನಾಗಿದ್ದರೆ ಅವರು ಚೆನ್ನಾಗಿರುತ್ತಾರೆ.

ಈ ವೃತ್ತ ಹೇಗೆ ಕಿರಿದಾಗುತ್ತದೆ ಅಂತ ಒಂದು ಲೆಕ್ಕ ಹಾಕೋಣ. ಸಿಗ್ನಲ್‌ನಲ್ಲಿ ಪಾದಚಾರಿಗಳಿಗೆ ಸಮಯ ಕೊಡುವಾಗ, ಒಬ್ಬರು ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾರೆ ಎಂದು ಇಟ್ಟುಕೊಳ್ಳುವುದು ರೂಢಿ. 24 ಮೀಟರ್ ಅಗಲದ ರಸ್ತೆಗೆ 20 ಸೆಕೆಂಡು ಸಾಕು. ಆದರೆ ಮಂಡಿನೋವಿರುವ ಎಪ್ಪತ್ತೈದರ ಅಜ್ಜಿ ನಡೆಯುವುದು ಸೆಕೆಂಡಿಗೆ 0.8 ಮೀಟರ್‌ನಂತೆ. ಅವರಿಗೆ 30 ಸೆಕೆಂಡು ಬೇಕು. ಹಸಿರು ದೀಪ ಆರುವಾಗ ಅವರು ಇನ್ನೂ 8 ಮೀಟರ್ ದೂರದಲ್ಲಿ, ರಸ್ತೆಯ ನಡುವೆ ಇರುತ್ತಾರೆ. ಒಂದು ಸಲ ಹೀಗಾದರೆ ಸಾಕು. ಎರಡನೇ ಸಲ ಅವರು ಆ ರಸ್ತೆ ದಾಟುವುದಿಲ್ಲ. ಆಚೆ ಬದಿಯ ದೇವಸ್ಥಾನ, ಗೆಳತಿ, ತರಕಾರಿ ಅಂಗಡಿ ಎಲ್ಲ ಅವರ ಬದುಕಿನಿಂದ ಹೊರಗಾಗುತ್ತವೆ. ಸ್ಕೈವಾಕ್ ಇದೆಯಲ್ಲ ಅನ್ನಬಹುದು. ಅದರ ಮೆಟ್ಟಿಲು ಹತ್ತುವ ಮಂಡಿ ಇದ್ದಿದ್ದರೆ ತೊಂದರೆಯೇ ಇರುತ್ತಿರಲಿಲ್ಲ.

ಫುಟ್‌ಪಾತಿನ ಎತ್ತರ 15 ಸೆಂಟಿಮೀಟರ್ ಮೀರಬಾರದು ಅನ್ನುವುದು ಭಾರತೀಯ ರಸ್ತೆ ಕಾಂಗ್ರೆಸ್‌ನ ಸೂಚನೆ. ಎಷ್ಟೋ ಕಡೆ ಅದು ಮೊಣಕಾಲಿನ ಹತ್ತಿರ ಬರುತ್ತದೆ. ಮೇಲೆ ಹತ್ತಿದರೆ ಸಡಿಲ ಕಲ್ಲು, ಟ್ರಾನ್ಸ್‌ಫಾರ್ಮರ್, ನಿಲ್ಲಿಸಿದ ಬೈಕು. ಸಂಜೆಯಾದರೆ ಇನ್ನೂ ಕಷ್ಟ. ಅರವತ್ತರ ಕಣ್ಣಿನ ಒಳಪರದೆಗೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿಗೆ ಸಿಗುವುದರ ಸುಮಾರು ಮೂರನೇ ಒಂದು ಭಾಗ ಮಾತ್ರ. ನಮಗೆ ಕಾಣುವ ಗುಂಡಿ ಅವರಿಗೆ ಕಾಣುವುದಿಲ್ಲ.

ಬಿದ್ದರೆ ಏನಾಗುತ್ತದೆ ಅನ್ನುವುದು ಎಲ್ಲ ಮನೆಗಳಿಗೂ ಗೊತ್ತು. ಸೊಂಟದ ಮೂಳೆ ಮುರಿದರೆ ಹಾಸಿಗೆ. ಹಾಸಿಗೆಯಲ್ಲಿ ಮಲಗಿದ ಒಂದೊಂದು ವಾರವೂ ಕಾಲಿನ ಸ್ನಾಯು ಕರಗುತ್ತದೆ. ಬೀಳದಿದ್ದರೂ, ಬಿದ್ದುಬಿಡುತ್ತೇನೆ ಅನ್ನುವ ಹೆದರಿಕೆ ಅದೇ ಕೆಲಸವನ್ನು ನಿಧಾನವಾಗಿ ಮಾಡುತ್ತದೆ. ನಡಿಗೆ ನಿಂತರೆ ಸ್ನಾಯು ಕರಗುತ್ತದೆ. ರಕ್ತದ ಸಕ್ಕರೆಯನ್ನು ಹೀರಿಕೊಳ್ಳುವುದು ಮುಖ್ಯವಾಗಿ ಸ್ನಾಯುಗಳೇ. ಆದ್ದರಿಂದ ಶುಗರ್ ಏರುತ್ತದೆ. ಬಿಸಿಲು ಮೈಗೆ ಬೀಳದೆ ವಿಟಮಿನ್ ಡಿ ಕಡಿಮೆಯಾಗುತ್ತದೆ, ಮೂಳೆ ಇನ್ನಷ್ಟು ಸಡಿಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನೆರವಿನ, 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯಲ್ಲಿ ಪಟ್ಟಣಗಳ ವಯಸ್ಕರಲ್ಲಿ ಶೇ 16.4 ಮಂದಿಗೆ ಮಧುಮೇಹವಿತ್ತು, ಹಳ್ಳಿಗಳಲ್ಲಿ ಶೇ 8.9. ಊಟವೂ ಇದಕ್ಕೆ ಕಾರಣ, ನಡೆಯದಿರುವುದೂ ಕಾರಣ.

2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಉಚಿತ. ಎಷ್ಟೋ ಅಜ್ಜಿಯರಿಗೆ ಇದರಿಂದ ಹೊರಗಿನ ಲೋಕ ತೆರೆಯಿತು. ಆದರೆ ಬಸ್‌ಸ್ಟಾಪಿನವರೆಗೆ ನಡೆಯಲು ದಾರಿ ಬೇಕು, ಬಸ್ಸಿನ ಮೊದಲ ಮೆಟ್ಟಿಲು ಕಾಲಿಗೆ ಎಟುಕಬೇಕು.

ಅರಳಿಕಟ್ಟೆ ಏನು ಮಾಡುತ್ತಿತ್ತು?

ಒಂದು ಅರಳಿಕಟ್ಟೆಯನ್ನು ನೆನೆದುಕೊಳ್ಳಿ. ನೆರಳು, ಕೂರಲು ಜಾಗ, ಮಾತಿಗೆ ಜನ. ಮೂರೂ ಒಂದೇ ಕಡೆ, ಮನೆಯಿಂದ ನೂರು ಹೆಜ್ಜೆಯಲ್ಲಿ. ವಠಾರದ ಅಂಗಳ, ಮನೆ ಮುಂದಿನ ಜಗಲಿ ಕೂಡ ಇದೇ ಕೆಲಸ ಮಾಡುತ್ತಿದ್ದವು. ರಸ್ತೆ ಅಗಲವಾದಾಗ ಕಟ್ಟೆ ಹೋಯಿತು, ಮನೆ ಒಡೆದು ಮಹಡಿ ಎದ್ದಾಗ ಜಗಲಿ ಹೋಯಿತು.

ಕೂರುವ ಜಾಗ ಅಷ್ಟು ದೊಡ್ಡ ವಿಷಯವಾ ಅನ್ನಿಸಬಹುದು. ಇನ್ನೂರು ಮೀಟರ್ ನಡೆದರೆ ಸುಸ್ತಾಗುವವರು, ದಾರಿಯಲ್ಲಿ ಎರಡು ಕಡೆ ಬೆಂಚಿದ್ದರೆ ಆರುನೂರು ಮೀಟರ್ ನಡೆಯುತ್ತಾರೆ. ಅವರ ವೃತ್ತ ಮೂರು ಪಟ್ಟು ದೂರಕ್ಕೆ ಚಾಚುತ್ತದೆ.

ಶೌಚಾಲಯದ ಮಾತು ಆಡಲು ನಾವು ಹಿಂಜರಿಯುತ್ತೇವೆ, ಆದರೆ ಹಿರಿಯರು ಮನೆ ಬಿಡದಿರಲು ಅದೂ ಕಾರಣ. ಪ್ರಾಸ್ಟೇಟ್ ತೊಂದರೆ ಇರುವ ಗಂಡಸರಿಗೆ, ಮೂತ್ರ ತಡೆಯಲಾಗದ ಹೆಂಗಸರಿಗೆ ದಾರಿಯಲ್ಲಿ ಶೌಚಾಲಯ ಸಿಗದಿದ್ದರೆ ಎರಡೇ ಆಯ್ಕೆ. ಹೊರಗೆ ಹೋಗದೇ ಇರುವುದು, ಇಲ್ಲವೇ ಬೆಳಗಿನಿಂದ ನೀರು ಕುಡಿಯದೇ ಹೋಗುವುದು. ಎರಡನೆಯದನ್ನು ಮಾಡುವವರು ತುಂಬ ಜನ. ಬೇಸಿಗೆಯಲ್ಲಿ ಅದರ ಫಲ ಏನು ಅಂತ ಮೇಲೆ ನೋಡಿದೆವು. ಮೂತ್ರದ ಸೋಂಕೂ ಜೊತೆಗೆ ಬರುತ್ತದೆ.

ಇನ್ನು ಒಂಟಿತನ. ಊರಲ್ಲಿ ಅಮ್ಮ ಬಾಗಿಲಲ್ಲಿ ನಿಂತರೆ ನಾಲ್ಕು ಜನ ಮಾತಾಡಿಸುತ್ತಿದ್ದರು. ಇಲ್ಲಿ ಬಾಗಿಲು ತೆರೆದರೆ ಕಾಣುವುದು ಮುಚ್ಚಿದ ಇನ್ನೊಂದು ಬಾಗಿಲು. ಪಕ್ಕದ ಮನೆಯವರ ಭಾಷೆ ಬೇರೆ, ಮಗ ಸೊಸೆ ಮನೆಗೆ ಬರುವುದು ರಾತ್ರಿ ಎಂಟಕ್ಕೆ. ಊಟ ಸೇರುವುದಿಲ್ಲ, ಮಾತು ಕಡಿಮೆ, ಯಾವುದರಲ್ಲೂ ಆಸಕ್ತಿ ಇಲ್ಲ. ಇದನ್ನು ವಯಸ್ಸಿನ ಲಕ್ಷಣ ಅಂದುಕೊಳ್ಳುವುದೇ ಹೆಚ್ಚು. ಎಷ್ಟೋ ಸಲ ಇದು ಖಿನ್ನತೆ. ಅದಕ್ಕೆ ಚಿಕಿತ್ಸೆ ಇದೆ, ಗುಣವೂ ಆಗುತ್ತದೆ.

ಹಾಗಾದರೆ ಊರಲ್ಲೇ ಇರುವುದು ವಾಸಿಯಾ?

ಅಷ್ಟು ಸರಳ ಉತ್ತರ ಇಲ್ಲ. ಭಾರತದಲ್ಲಿ ಪಟ್ಟಣದವರ ಸರಾಸರಿ ಆಯಸ್ಸು ಹಳ್ಳಿಯವರಿಗಿಂತ ನಾಲ್ಕೈದು ವರ್ಷ ಹೆಚ್ಚು. ಪಾರ್ಶ್ವವಾಯು ಹೊಡೆದಾಗ ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಬೆಂಗಳೂರಿನಲ್ಲಿ ಅದು ಸಾಧ್ಯ, ದೂರದ ಹಳ್ಳಿಯಿಂದ ಕಷ್ಟ. ನಿಮ್ಹಾನ್ಸ್, ಜಯದೇವದಂಥ ಸರ್ಕಾರಿ ಆಸ್ಪತ್ರೆಗಳು ಇಲ್ಲಿವೆ. ದೊಡ್ಡ ಕಾಯಿಲೆ ಬಂದಾಗ ನಗರ ಕೈ ಹಿಡಿಯುತ್ತದೆ. ಆ ಕಾಯಿಲೆ ಬಾರದಂತೆ ಕಾಯುವ ದಿನದಿನದ ನಡಿಗೆ, ನಿದ್ದೆ, ಮಾತುಕತೆಗಳನ್ನು ಅದೇ ನಗರ ಕಿತ್ತುಕೊಳ್ಳುತ್ತದೆ.

ಬೇರೆ ಊರುಗಳು ಏನು ಮಾಡಿವೆ?

ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ 'ಹಿರಿಯಸ್ನೇಹಿ ನಗರ' ಹೇಗಿರಬೇಕು ಎಂಬ ಕೈಪಿಡಿ ತಂದಿತು. ದೆಹಲಿಯೂ ಸೇರಿದಂತೆ 33 ನಗರಗಳ ಹಿರಿಯರನ್ನು ಕೇಳಿ ಬರೆದದ್ದು ಅದು. ಅವರು ಕೇಳಿದ್ದು ದೊಡ್ಡ ಆಸ್ಪತ್ರೆಯನ್ನಷ್ಟೇ ಅಲ್ಲ. ಬೆಂಚು, ಶೌಚಾಲಯ, ಸಮತಟ್ಟಾದ ಫುಟ್‌ಪಾತು, ದಾಟಲು ಸಾಕಷ್ಟು ಸಮಯವನ್ನೂ ಕೇಳಿದರು.

ಸಿಂಗಪುರದಲ್ಲಿ 2009ರಿಂದ ಒಂದು ವ್ಯವಸ್ಥೆ ಇದೆ. ಹಿರಿಯರು ತಮ್ಮ ಕಾರ್ಡನ್ನು ಸಿಗ್ನಲ್ ಕಂಬಕ್ಕೆ ಮುಟ್ಟಿಸಿದರೆ ಹಸಿರು ದೀಪ ಕೆಲವು ಸೆಕೆಂಡು ಹೆಚ್ಚು ಹೊತ್ತು ಉರಿಯುತ್ತದೆ. ನಮ್ಮ ಅಜ್ಜಿಗೆ ಬೇಕಾಗಿದ್ದ ಆ ಹತ್ತು ಸೆಕೆಂಡು.

ಹತ್ತಿರದ ಉದಾಹರಣೆ ಅಹಮದಾಬಾದ್. 2010ರ ಮೇ ತಿಂಗಳ ಬಿಸಿಗಾಳಿಯಲ್ಲಿ ಅಲ್ಲಿ ಮಾಮೂಲಿಗಿಂತ 1,300ಕ್ಕೂ ಹೆಚ್ಚು ಸಾವು ಸಂಭವಿಸಿದವು. 2013ರಲ್ಲಿ ಆ ನಗರ ಬಿಸಿಗಾಳಿ ಎದುರಿಸುವ ಯೋಜನೆ ಮಾಡಿತು. ಮೊದಲೇ ಎಚ್ಚರಿಕೆ ಸಂದೇಶ, ಆಸ್ಪತ್ರೆಗಳಲ್ಲಿ ಸಿದ್ಧತೆ, ಕುಡಿಯುವ ನೀರು, ಮುಂದೆ ಬಡವರ ಮನೆಯ ಛಾವಣಿಗೆ ಬಿಳಿ ಬಣ್ಣ. ಬಿಳಿ ಸುಣ್ಣ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ, ಖರ್ಚೂ ಕಡಿಮೆ.

ಬೆಂಗಳೂರಿನಲ್ಲೇ ಟೆಂಡರ್‌ಶ್ಯೂರ್ ಅನ್ನುವ ರಸ್ತೆ ಸುಧಾರಣೆ ಯೋಜನೆಯಲ್ಲಿ ಮಾಡಿದ ಕೆಲವು ರಸ್ತೆಗಳ ಫುಟ್‌ಪಾತಿನಲ್ಲಿ ಹಿರಿಯರು ನಿರಾಳವಾಗಿ ನಡೆಯುತ್ತಾರೆ. ಅಂದರೆ ನಮಗೆ ಮಾಡಲು ಬರುವುದಿಲ್ಲ ಅಂತಲ್ಲ. ಆ ರಸ್ತೆಗಳು ಹೆಚ್ಚಾಗಿ ಊರಿನ ನಡುಮಧ್ಯೆ, ಕಚೇರಿ ಅಂಗಡಿಗಳ ಕಡೆ ಇವೆ. ಹಿರಿಯರು ವಾಸಿಸುವ ಬಡಾವಣೆಗಳ ಒಳರಸ್ತೆಗೂ ಅದು ಬರಬೇಕು.

ಮನೆಯವರು ಗಮನಿಸಬೇಕಾದದ್ದು

ಬೇಸಿಗೆಯಲ್ಲಿ ಹಿರಿಯರು ಇದ್ದಕ್ಕಿದ್ದಂತೆ ಗೊಂದಲವಾಗಿ ಮಾತಾಡಿದರೆ, ಮೈ ಸುಡುತ್ತಿದ್ದರೆ, ತೂಕಡಿಸುತ್ತಿದ್ದರೆ ಅದು ಬಿಸಿಲಿನ ಹೊಡೆತ ಇರಬಹುದು. ನೆರಳಿಗೆ ಕರೆತಂದು, ಒದ್ದೆ ಬಟ್ಟೆಯಿಂದ ಮೈ ಒರೆಸಿ, ಗಾಳಿ ಹಾಕಿ, 108ಕ್ಕೆ ಕರೆ ಮಾಡಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ಮಾಮೂಲಿ ದಿನಗಳಲ್ಲಿ "ಬಾಯಾರಿದೆಯಾ?" ಅಂತ ಕೇಳುವ ಬದಲು ಗಂಟೆಗೊಮ್ಮೆ ಲೋಟ ಕೈಗೆ ಕೊಡಿ. ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇದ್ದವರಿಗೆ ಎಷ್ಟು ನೀರು ಅಂತ ವೈದ್ಯರೇ ಹೇಳಬೇಕು. ಹಿರಿಯರ ಯಾವುದೇ ಕಷ್ಟಕ್ಕೆ 14567 ಸಂಖ್ಯೆಯ ಉಚಿತ ಸಹಾಯವಾಣಿ ಇದೆ. 70 ತುಂಬಿದ ಎಲ್ಲರಿಗೂ, ವರಮಾನ ಎಷ್ಟೇ ಇರಲಿ, ಆಯುಷ್ಮಾನ್ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುವಂತೆ ಕೇಂದ್ರ ಸರ್ಕಾರ 2024ರಲ್ಲಿ ಯೋಜನೆ ವಿಸ್ತರಿಸಿದೆ.

ಇದರ ಜೊತೆಗೆ, ಒಂದು ಸಂಜೆ ಅಮ್ಮನ ಜೊತೆ, ಅಪ್ಪನ ಜೊತೆ ಅವರ ವೇಗದಲ್ಲೇ ನಡೆದು ನೋಡಿ. ಎಲ್ಲಿ ನಿಂತು ಗೋಡೆ ಹಿಡಿಯುತ್ತಾರೆ, ಎಲ್ಲಿ ಫುಟ್‌ಪಾತು ಬಿಟ್ಟು ರಸ್ತೆಗೆ ಇಳಿಯುತ್ತಾರೆ, ಯಾವ ತಿರುವಿನಿಂದ "ಸಾಕು, ಹೋಗೋಣ" ಅನ್ನುತ್ತಾರೆ ಅಂತ ಗಮನಿಸಿ. ಆ ಜಾಗಗಳ ಫೋಟೊ ತೆಗೆದು, ಬೆಂಚು ಬೇಕೋ, ಇಳಿಜಾರು ಬೇಕೋ, ದೀಪ ಬೇಕೋ ಅಂತ ಬರೆದು ನಿಮ್ಮ ವಾರ್ಡ್ ಎಂಜಿನಿಯರಿಗೆ ಕೊಡಿ.